ನರಗುಂದದಾಚೆಯ ವಾಡೆಯಲ್ಲಿ ಒಂದು ಜೋಡುನಳಿಗೆ

ಹುಬ್ಬಳ್ಳಿಯಿಂದ ನವಲಗುಂದದ ಮೇಲೆ ಹಾಯ್ದು ನರಗುಂದಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದವರು, ನಲವತ್ತು ವರ್ಷ ಬಂದೂಕಿನ ದುರಸ್ತಿಯಲ್ಲೇ ಕೈ ಸವೆಸಿದ, ಓಣಿಯವರೆಲ್ಲ ಕಾಕಾ ಎಂದು ಕರೆಯುವ ಹಿರಿಯರು. ಅವರ ಚೀಲದಲ್ಲಿ ಒಂದು ಭೂತಗನ್ನಡಿ, ವರ್ನಿಯರ್ ಮಾಪಕ, ಹಳೆಯ ಧೋತರದ ತುಂಡು ಮತ್ತು ಎಣ್ಣೆಯ ಶೀಶೆ ಇದ್ದವು. ನರಗುಂದದಾಚೆಯ ಹಳ್ಳಿಯೊಂದರ ಗೌಡರು, ತಮ್ಮ ವಾಡೆಯಲ್ಲಿರುವ, ನರಗುಂದದ ಸಂಸ್ಥಾನಿಕ ಬಾಬಾಸಾಹೇಬರ ಕಾಲದ ಬಂದೂಕಿಗೆ ಬೆಲೆ ಕಟ್ಟಿಕೊಡಬೇಕೆಂದು ಹೇಳಿಕಳಿಸಿದ್ದರು.

ಎರೆಹೊಲಗಳನ್ನು ದಾಟಿದ ಮೇಲೆ ನರಗುಂದದ ಗುಡ್ಡ ಕಣ್ಣಿಗೆ ಬಿತ್ತು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಈ ಸೀಮೆಯನ್ನು ಕೆರಳಿಸಿತ್ತು; 1858ರ ಮೇ ಕೊನೆಯಲ್ಲಿ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾದ, ಜೂನ್ 12ರಂದು ಬಂಡೆದ್ದ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಹೀಗಾಗಿ ಇಲ್ಲಿ ಹಳೆಯ ಬಂದೂಕು ಇರುವ ಮನೆಯಲ್ಲೆಲ್ಲ ಬಂಡಾಯದ ಕಥೆಯೊಂದೂ ಇರುತ್ತದೆ. "ಕತಿ ಆಮ್ಯಾಲ ಕೇಳೂಣು, ಮೊದಲ ಕಬ್ಬಿಣ ಏನ್ ಹೇಳ್ತದ ನೋಡೂಣು" ಎಂದರು ಕಾಕಾ.

ವಾಡೆಯಲ್ಲಿ ಅವರು ಮೊದಲು ಕೇಳಿದ್ದು ಲೈಸೆನ್ಸ್ ಪುಸ್ತಕವನ್ನು. ಅದು ಚಾಲ್ತಿಯಲ್ಲಿತ್ತು, 'ಡಿಬಿಬಿಎಲ್' ಎಂದು ನಮೂದಾಗಿತ್ತು; ಅಂದರೆ ಹಿಂಬದಿಯಿಂದ ಕಾಡತೂಸು ತುಂಬುವ ಜೋಡುನಳಿಗೆ. ಎರಡೂ ನಳಿಗೆ ಖಾಲಿಯಿವೆಯೆಂದು ಬೆಳಕಿಗೆ ಹಿಡಿದು ಖಚಿತಪಡಿಸಿಕೊಂಡ ಬಳಿಕವೇ ಅವರು ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡರು. ಅದು ಬೆಳ್ಳಿಯ ತಂಬಿಗೆಯಂತೆ ಥಳಥಳಿಸುತ್ತಿತ್ತು. ಪ್ರತಿ ವರ್ಷ ದಸರೆಯ ಖಂಡೇಪೂಜೆಗೆ ಹುಣಸೆಹಣ್ಣು ಮತ್ತು ಬೂದಿ ಹಚ್ಚಿ ತಿಕ್ಕುವುದು ಮೂರು ತಲೆಮಾರಿನ ಪದ್ಧತಿಯೆಂದು ಗೌಡರು ಅಭಿಮಾನದಿಂದ ಹೇಳಿದಾಗ ಕಾಕಾರ ಮುಖ ಸಣ್ಣದಾಯಿತು. ನಳಿಗೆಗಳ ನಡುವಿನ ಪಟ್ಟಿಯ ಮೇಲೆ ತಯಾರಕರ ಹೆಸರಿದ್ದ ಜಾಗದಲ್ಲಿ ಉಳಿದಿದ್ದದ್ದು ಒಂದೆರಡು ಗೀರು ಮಾತ್ರ.

ಆದರೆ ಹುಣಸೆಹಣ್ಣು ತಲುಪದ ಜಾಗವೊಂದಿತ್ತು. ನಳಿಗೆಯ ಕೆಳಗೆ ಮುಂಗೈ ಹಿಡಿಯುವ ಕಟ್ಟಿಗೆಯನ್ನು ಬಿಚ್ಚಿ ನಳಿಗೆಗಳನ್ನು ಕಳಚಿ ತಿರುವಿ ಹಾಕಿದಾಗ, ಬುಡದ ಚಪ್ಪಟೆ ಭಾಗದಲ್ಲಿ ಬಂದೂಕಿನ ಗಟ್ಟಿತನ ನೋಡುವ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪರೀಕ್ಷಾಗೃಹದ ಕಿರೀಟದ ಮುದ್ರೆಗಳೂ, '12 ಬಿ, 14 ಎಂ' ಎಂಬ ಅಂಕಿಗಳೂ, 'ನಾಟ್ ಫಾರ್ ಬಾಲ್' ಎಂಬ ಅಕ್ಷರಗಳೂ ಸ್ಪಷ್ಟವಾಗಿ ಕಂಡವು. ಒಂದು ಪೌಂಡ್ ಸೀಸದಿಂದ ನಳಿಗೆಯೊಳಗೆ ಸರಿಯಾಗಿ ಕೂರುವ ಎಷ್ಟು ಗುಂಡುಗಳನ್ನು ಎರಕ ಹೊಯ್ಯಬಹುದೋ ಆ ಸಂಖ್ಯೆಯೇ ನಳಿಗೆಯ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು. ಈ ನಳಿಗೆ ಒಳಗೆ ಹನ್ನೆರಡರದು, ಬಾಯಲ್ಲಿ ಹದಿನಾಲ್ಕಕ್ಕೆ ಕಿರಿದಾಗಿದೆ. ಹೀಗೆ ಬಾಯಿ ಕಿರಿದಾದದ್ದರಲ್ಲಿ ಸೀಸದ ಸಣ್ಣ ಕಾಳುಗಳಾದ ಚರೆ ಹಾರಿಸಬೇಕು, ಒಂಟಿ ಗುಂಡನ್ನಲ್ಲ ಎಂಬುದೇ ಆ ಮೂರು ಪದಗಳ ಎಚ್ಚರಿಕೆ. ಅದನ್ನು ಒತ್ತುತ್ತಿದ್ದದ್ದು 1875ರಿಂದ 1887ರವರೆಗೆ ಮಾತ್ರ. ಗೌಡರು ಬೆರಳು ಮಡಚಿ ಲೆಕ್ಕ ಹಾಕಿದರು. ಬಾಬಾಸಾಹೇಬರು ಗಲ್ಲಿಗೇರಿ ಹದಿನೇಳು ವರ್ಷವಾದರೂ ಕಳೆದ ಮೇಲಿನ ಬಂದೂಕು ಅದು.

ಕಟ್ಟಿಗೆಯ ಮರೆಯಲ್ಲಿದ್ದ ನಳಿಗೆಯ ಭಾಗದಲ್ಲಿ ಇನ್ನೊಂದು ಸೊಗಸು ಉಳಿದಿತ್ತು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸರಳಿಗೆ ಸುತ್ತಿ ಬೆಸೆದ ಡಮಾಸ್ಕಸ್ ನಳಿಗೆಯ ಕಂದು ಸುರುಳಿಗಳು ನವಲಗುಂದದ ಜಮಖಾನದ ನೇಯ್ಗೆಯನ್ನು ನೆನಪಿಸಿದವು. ಇಂತಹ ನಳಿಗೆ ಕರಿಮದ್ದಿನ ಕಾಲದ್ದು. ಇದರಲ್ಲಿ ಇಂದಿನ ಹೊಗೆರಹಿತ ಮದ್ದಿನ ಕಾಡತೂಸು ಹಾರಿಸಿದರೆ ನಳಿಗೆ ಸಿಡಿದು ಕೈ ಹೋದೀತು ಎಂದು ಕಾಕಾ ಗದರಿಸಿಯೇ ಹೇಳಿದರು.

ಗೌಡರು ಕಸವೆಂದು ತಿಳಿದಿದ್ದ ತಗಡಿನ ಪೆಟ್ಟಿಗೆ ಕಾಕಾರನ್ನು ಅರ್ಧ ಗಂಟೆ ಹಿಡಿದು ಕೂರಿಸಿತು. ಬುಡದಲ್ಲಿ ಕೈನಾಕ್ ಎಂಬ ತಯಾರಕರ ಹೆಸರು ಅಚ್ಚಾದ ಹಿತ್ತಾಳೆಯ ಖಾಲಿ ಕಾಡತೂಸುಗಳು, ಮದ್ದಿಗೆ ಕಿಡಿ ಕೊಡುವ ಹಳೆಯ ಕೇಪು ತೆಗೆದು ಹೊಸದನ್ನು ಕೂರಿಸುವ ಉಪಕರಣ, ಮದ್ದಿಗೊಂದು ಚರೆಗೊಂದು ಗೆರೆಯಿದ್ದ ಅಳತೆಯ ಬಟ್ಟಲು, ಉಣ್ಣೆಯ ಬಿಲ್ಲೆಗಳು, ಕಾಗದದ ಕಾಡತೂಸಿನ ಬಾಯಿ ಮಡಚುವ ಕೈಯಂತ್ರ. ಒಂದನ್ನೂ ಯಾರೂ ತಿಕ್ಕಿರಲಿಲ್ಲ. ಸಂಗ್ರಹಕಾರರು ಪೂರ್ತಿ ಜೊತೆಯನ್ನು ಹುಡುಕುತ್ತಾರೆ, ಬಿಡಿಯಾಗಿ ಕೊಡಬೇಡಿ ಎಂದರು. ತಳದಲ್ಲಿ ಸಿಕ್ಕ ಎರಡು ತುಂಬಿದ ಕಾಡತೂಸುಗಳನ್ನು ಮಾತ್ರ ಮುಟ್ಟಗೊಡದೆ, ಠಾಣೆಗೆ ತಿಳಿಸಲು ಹೇಳಿದರು.

ಬೆಲೆಯ ಮಾತು ಬೇಗ ಮುಗಿಯಿತು. ನೂರು ವರ್ಷ ದಾಟಿದ ವಸ್ತುವಾದ್ದರಿಂದ 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ, ಹೀಗಾಗಿ ಲಂಡನ್ನಿನ ಹರಾಜಿನ ಅಂಕಿ ಇಲ್ಲಿ ಕೆಲಸಕ್ಕೆ ಬಾರದು; ಕೊಳ್ಳುವವರಿಗೂ ಲೈಸೆನ್ಸ್ ಬೇಕು, 2019ರ ತಿದ್ದುಪಡಿಯ ನಂತರ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಬಂದೂಕು. ಹೆಸರು ಅಳಿಸಿ ಹೋಗಿರುವುದರಿಂದ ಇದ್ದ ಬೆಲೆಯೂ ಇಳಿದಿತ್ತು. ಮಾರುವ ವಿಚಾರವನ್ನು ಗೌಡರು ಅಲ್ಲಿಗೇ ಬಿಟ್ಟರು.

ಚಹಾ ತಂದ ಗೌಡತಿ ಬಾಗಿಲಲ್ಲೇ ನಿಂತು ಕೇಳಿದರು, "ಹಂಗಾರ ಈ ಸಲ ಖಂಡೇಪೂಜಿಗೆ ಹುಣಸಿಹಣ್ಣು ಬ್ಯಾಡೇನ್ರೀ?"

"ಬ್ಯಾಡವ್ವ, ಎರಡು ಹನಿ ಎಣ್ಣಿ ಸಾಕು" ಎಂದ ಕಾಕಾ, ತಮ್ಮ ಶೀಶೆಯನ್ನು ಅಲ್ಲಿಯೇ ಬಿಟ್ಟು ಎದ್ದರು.