ನವೆಂಬರಿಗೆ ಮುಂಚಿನ ಹಾಕಿ
ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಹೈಸ್ಕೂಲ್ ಹುಡುಗಿಯರ ಐಸ್ ಹಾಕಿ ಪಂದ್ಯಗಳು ಶುರುವಾಗೋದು ನವೆಂಬರ್ ಹೊತ್ತಿಗೆ. ಅದಕ್ಕೂ ಮುಂಚೆ ಬೇರೆ ಬೇರೆ ಶಾಲೆಗಳ ಒಳ್ಳೊಳ್ಳೆ ಆಟಗಾರ್ತಿಯರನ್ನು ಆರಿಸಿ ಎಲೀಟ್ ಲೀಗ್ ನಡೆಸುವವರನ್ನು ಕಂಡರೆ ನನಗೆ ತುಂಬಾ ಗೌರವ. ರಿಂಕ್ (ಮಂಜುಗಡ್ಡೆಯ ಆಟದಂಗಳ) ಬುಕ್ ಮಾಡಬೇಕು, ರೆಫರಿಗಳನ್ನು ಹೊಂದಿಸಬೇಕು, ಅದೇ ಹೊತ್ತಿಗೆ ಶಾಲೆಗಾಗಿ ವಾಲಿಬಾಲ್, ಸಾಕರ್ ಆಡೋ ಹುಡುಗಿಯರಿಗೂ ಅಡ್ಡಿಯಾಗದ ಹಾಗೆ ವಾರಾಂತ್ಯಕ್ಕೆ ಪಂದ್ಯ ಇಡಬೇಕು. ಎಲ್ಲಕ್ಕಿಂತ ಕಷ್ಟ ತಂಡ ಹಂಚೋದು. ಗೋಲ್‌ಕೀಪರ್‌ಗಳು ಸಮವಾಗಿ ಹಂಚಿಕೆಯಾಗದಿದ್ದರೆ ಆಟವೇ ಕೆಟ್ಟಿತು.

ಶಾಲಾ ತಂಡದಲ್ಲಿ ಒಬ್ಬಳೇ ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ) ಕೊಂಡೊಯ್ದು ಗೋಲು ಹೊಡೆಯುವ ಹುಡುಗಿಗೆ ಈ ಲೀಗ್‌ನಲ್ಲಿ ಎದುರಾಗೋದು ತನ್ನಷ್ಟೇ ವೇಗದ ಡಿಫೆಂಡರ್. ತಲೆ ಎತ್ತಿ ನೋಡಬೇಕು, ಪಾಸ್ ಕೊಡಲೇಬೇಕು. ಆ ಅರ್ಧ ಕ್ಷಣದಲ್ಲಿ ಅವಳು ಕಲಿಯೋದನ್ನು ಯಾವ ಡ್ರಿಲ್ಲೂ ಕಲಿಸಲ್ಲ.

1994ರಲ್ಲಿ ಹುಡುಗಿಯರ ಐಸ್ ಹಾಕಿಗೆ ಶಾಲಾ ಕ್ರೀಡೆಯ ಮಾನ್ಯತೆ ಕೊಟ್ಟ ಅಮೆರಿಕದ ಮೊದಲ ರಾಜ್ಯ ಮಿನ್ನೆಸೋಟಾ. ಅಂಥ ಕಡೆ ಲೀಗ್‌ನ ಶುಲ್ಕ ಕಟ್ಟಲಾಗದೆ ಒಬ್ಬಳೂ ಹೊರಗುಳಿಯಬಾರದು. ದಾನಿಗಳನ್ನು ಹುಡುಕೋ ಕೆಲಸ ಯಾರಾದರೂ ವಹಿಸಿಕೊಂಡರೆ ನಾನೂ ಕೈಜೋಡಿಸ್ತೀನಿ.