ಕ್ಯೂ ಶಾಫ್ಟ್ ಅಂಟ್ತದೆ ಅಂತ ಪಾಲಿಶ್ ಪೇಪರ್ ಹಿಡಿಯುವ ಮೊದ್ಲು

ಮೇ ತಿಂಗಳ ಸೆಕೆ ಮುಗಿದು ಮಳೆ ಹಿಡೀತು ಅಂದ್ರೆ ಸಾಕು, ಮಂಗ್ಳೂರಿನ ಯಾವ ಪೂಲ್ ಪಾರ್ಲರಿಗೆ ಹೋದ್ರೂ ಒಂದೇ ದೂರು, ಶಾಫ್ಟ್, ಅಂದ್ರೆ ಚೆಂಡು ಹೊಡೆಯುವ ಕೋಲಿನ (ಕ್ಯೂವಿನ) ಮುಂದಿನ ಸಪೂರ ಭಾಗ, ಕೈಯಲ್ಲಿ ಜಾರುದಿಲ್ಲ, ಅಂಟ್ತದೆ. ಬ್ರಿಡ್ಜ್ ಕೈಯ, ಅಂದ್ರೆ ಟೇಬಲ್ ಮೇಲೆ ಇಟ್ಟು ಕ್ಯೂಗೆ ಆಧಾರ ಕೊಡುವ ಕೈಯ, ಬೆರಳಿನ ಮಧ್ಯೆ ಕ್ಯೂ ತಡೆದು ತಡೆದು ಹೋಗ್ತದೆ, ಸ್ಟ್ರೋಕ್ ನೇರ ಬರುದಿಲ್ಲ, ಸರಿಯಾಗಿ ಹೊಡೆಯುವ ಹೊತ್ತಿಗೇ ಒಂದು ಜರ್ಕ್. ಆಗ ಯಾರಾದ್ರೊಬ್ರು ಬ್ಯಾಗಿಂದ ಪಾಲಿಶ್ ಪೇಪರಿನ ತುಂಡು ತೆಗೀತಾರೆ, ಗರಗರ ಅಂತ ಉಜ್ತಾರೆ, "ನೋಡು ಮಾರಾಯ, ಈಗ ಬೆಣ್ಣೆ ಹಾಗೆ ಉಂಟು" ಅಂತ ಕೈಗೆ ಕೊಡ್ತಾರೆ.

ಹೌದು, ಇರ್ತದೆ, ಸ್ವಲ್ಪ ದಿನ. ಆಮೇಲೆ ಮೊದ್ಲಿಗಿಂತ ಜಾಸ್ತಿ ಅಂಟ್ಲಿಕ್ಕೆ ಸುರುವಾಗ್ತದೆ. ಯಾಕಂದ್ರೆ ಉಜ್ಜುವಾಗ ಹೋದದ್ದು ಕೊಳೆ ಮಾತ್ರ ಅಲ್ಲ, ಕೊಳೆಯ ಒಟ್ಟಿಗೆ ಶಾಫ್ಟಿನ ಮೇಲಿದ್ದ ಸೀಲರ್, ವ್ಯಾಕ್ಸ್ ಎಲ್ಲ ಹೋಯ್ತು, ಮರದ ರಂಧ್ರ ತೆರೆದುಕೊಂಡಿತು, ಇನ್ನು ಕೈಯ ಬೆವರು ಸೀದಾ ಒಳಗೆ. ಮತ್ತೆ ಅಂಟ್ತದೆ, ಮತ್ತೆ ಉಜ್ತಾರೆ. 13 ಮಿಲಿಮೀಟರ್ ಇದ್ದ ಪೂಲ್ ಶಾಫ್ಟ್ ಹೀಗೇ ಸವೆದು ಸವೆದು 12.5ಕ್ಕೆ ಬಂದು ನಿಲ್ತದೆ, ಆಮೇಲೆ ಅದು ಬಗ್ಗುವ ರೀತಿಯೇ ಬೇರೆ, ಸೈಡ್ ಹಾಕಿ, ಅಂದ್ರೆ ಚೆಂಡಿನ ನಡುವಿಗಲ್ಲದೆ ಬದಿಗೆ, ಹೊಡೆದ್ರೆ ಬಿಳಿ ಚೆಂಡು ಸರಿಯುವ ಲೆಕ್ಕವೂ ಬೇರೆ. ಅಷ್ಟು ವರ್ಷ ಕೈಗೆ ಕೂತ ಅಂದಾಜೆಲ್ಲ ಪುನಃ ಮೊದ್ಲಿಂದ ಕಲೀಬೇಕು. ಹೋದ ಮರ ವಾಪಸ್ ಬರುದಿಲ್ಲ.

ಹಾಗಾಗಿ ನಾನು ಎಲ್ಲರಿಗೂ ಹೇಳುದು ಒಂದೇ, ನಮ್ಮ ಊರಲ್ಲಿ ಶಾಫ್ಟ್ ಅಂಟುದು ಮರ ಒರಟಾಗಿದೆ ಅಂತ ಅಲ್ಲ, ಕೊಳೆ ಕೂತಿದೆ ಅಂತ. ಮರ ತೆಗೀಬೇಡಿ, ಕೊಳೆ ತೆಗೀರಿ, ಮತ್ತೆ ಸೀಲ್ ಮಾಡಿ.

ಈ ಕೊಳೆ ಎಂತದು ಅಂತ ಒಮ್ಮೆ ನೋಡುವ. ಟ್ಯೂಬ್‌ಲೈಟಿನ ಕೆಳಗೆ ಶಾಫ್ಟನ್ನು ಓರೆಯಾಗಿ ಹಿಡಿದು ನೋಡಿ, ಫೆರೂಲಿಂದ (ತುದಿಯ ಚರ್ಮದ ಟಿಪ್ಪಿನ ಕೆಳಗಿನ ಬಳೆಯಂಥ ತುಂಡು) ಸುಮಾರು ಒಂದು ಗೇಣು ಕೆಳಗಿನವರೆಗೆ ನೀಲಿ ಬೂದಿ ಬಣ್ಣದ ಪಟ್ಟಿ ಕಾಣ್ತದೆ, ಬೆರಳು ಜಾಸ್ತಿ ತಾಗುವಲ್ಲಿ ಸ್ವಲ್ಪ ಹೊಳಪು, ಉಗುರಲ್ಲಿ ಮೆಲ್ಲ ಕೆರೆದ್ರೆ ಮೇಣದ ಹಾಗಿನ ಕಪ್ಪು ಎಳೆ ಉಗುರಿಗೆ ಬರ್ತದೆ. ಬೆವರು, ಚರ್ಮದ ಎಣ್ಣೆ, ಟಿಪ್ಪಿಗೆ ಉಜ್ಜುವ ಚಾಕಿನ ಹುಡಿ, ಮತ್ತೆ ಕೈ ಜಾರ್ಲಿ ಅಂತ ಹಾಕಿದ ಟಾಲ್ಕಂ ಪೌಡರ್, ಎಲ್ಲ ಸೇರಿ ಒತ್ತಿ ಒತ್ತಿ ಆದ ಪೇಸ್ಟ್ ಅದು. ಪೌಡರ್ ಹಾಕುವವರು ಸಿಟ್ಟು ಮಾಡ್ಕೊಳ್ಬೇಡಿ, ಒಣ ಹವೆ ಇರುವ ಊರಲ್ಲಿ ಅದು ನಡೀತದೋ ಏನೋ, ನಮ್ಮಲ್ಲಿ ಹತ್ತು ನಿಮಿಷದಲ್ಲಿ ಬೆವರಿಗೆ ಸೇರಿ ಕೆಸರಾಗ್ತದೆ, ಟೇಬಲಿನ ಬಟ್ಟೆಯೂ ಹಾಳು. ಅದರ ಬದ್ಲು ಮೂರು ಬೆರಳಿನ ಗ್ಲೌಸ್ ಹಾಕಿ.

ಚಾಕ್ ಬಗ್ಗೆ ಒಂದು ಮಾತು. ಅದು ಶಾಲೆಯಲ್ಲಿ ಬೋರ್ಡಿಗೆ ಬರೆಯುವ ಸೀಮೆಸುಣ್ಣ ಅಲ್ಲ. 1897ರಲ್ಲಿ ಅಮೆರಿಕದಲ್ಲಿ ವಿಲಿಯಂ ಸ್ಪಿಂಕ್ಸ್ ಅಂತ ಬಿಲಿಯರ್ಡ್ಸ್ ಆಟಗಾರ ಮತ್ತು ವಿಲಿಯಂ ಹಾಸ್ಕಿನ್ಸ್ ಅಂತ ರಸಾಯನಶಾಸ್ತ್ರದವರು ಸೇರಿ ಈಗಿನ ಚಾಕಿಗೆ ಪೇಟೆಂಟ್ ಮಾಡಿದ್ರು, ಅದರಲ್ಲಿರುದು ಸಿಲಿಕಾ ಮತ್ತೆ ಅಲ್ಯುಮಿನಿಯಂ ಆಕ್ಸೈಡ್, ಅಂದ್ರೆ ಪಾಲಿಶ್ ಪೇಪರಿನ ಮೇಲೆ ಇರುವ ಜಾತಿಯದ್ದೇ ಹರಳು. ಇದು ಗೊತ್ತಿದ್ರೆ ಒರೆಸುವ ಕ್ರಮವೂ ಗೊತ್ತಾಗ್ತದೆ. ಚಾಕ್ ಹುಡಿ ಇರುವಾಗಲೇ ಗಟ್ಟಿ ಒತ್ತಿ ಉಜ್ಜಿದ್ರೆ ಅದನ್ನು ನಾವೇ ಮರದೊಳಗೆ ತುಂಬಿಸಿದ ಹಾಗೆ. ಮೊದ್ಲು ಒಣ ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆತ್ತಗೆ, ಜಾಯಿಂಟ್, ಅಂದ್ರೆ ಕ್ಯೂವಿನ ಎರಡು ತುಂಡು ಸೇರುವ ಕಡೆಯಿಂದ ಟಿಪ್ ಕಡೆಗೆ ಒರೆಸ್ಬೇಕು, ಹುಡಿ ಹೊರಗೆ ಹೋಗುವ ಹಾಗೆ. ಟಿಪ್ಪಿಂದ ಕೆಳಗೆ ಎಳೆದ್ರೆ ನೀಲಿ ಎಲ್ಲ ಶಾಫ್ಟಿಗೇ ಬರ್ತದೆ.

ಆಮೇಲೆ ಆಲ್ಕೋಹಾಲ್. ಐಸೊಪ್ರೊಪೈಲ್ ಆಲ್ಕೋಹಾಲ್, 99 ಪರ್ಸೆಂಟಿನದ್ದು. ಮೊಬೈಲ್ ರಿಪೇರಿಯವರು ಬೋರ್ಡ್ ಕ್ಲೀನ್ ಮಾಡ್ಲಿಕ್ಕೆ ಇಟ್ಕೊಂಡಿರ್ತಾರೆ ನೋಡಿ, ಅದೇ. 70 ಪರ್ಸೆಂಟಿನದ್ದರಲ್ಲಿ ಉಳಿದ 30 ಪಾಲು ನೀರು, ಆ ನೀರು ನಮ್ಗೆ ಬೇಡ. ಮರಕ್ಕೆ ನೀರು ತಾಗಿದ್ರೆ ಮೇಲಿನ ನಾರು ಉಬ್ಬಿ ಎದ್ದು ನಿಲ್ತದೆ, ಒಣಗಿದ ಮೇಲೆ ಕೈಗೆ ಜುಂಗು ಜುಂಗಾಗಿ ತಾಗ್ತದೆ, ಮತ್ತೆ "ಒರಟಾಯ್ತು" ಅಂತ ಪೇಪರ್ ಹುಡುಕ್ಲಿಕ್ಕೆ ಹೋಗುದು. ಶಾಫ್ಟಿಗೆ ಸುರೀಬೇಡಿ, ಬಟ್ಟೆಗೆ ಚೂರು ಹಾಕಿ, ಬಟ್ಟೆ ತೇವ ಆದ್ರೆ ಸಾಕು. ಉದ್ದುದ್ದಕ್ಕೆ ಒರೆಸಿ, ಬಟ್ಟೆಯ ಕ್ಲೀನ್ ಜಾಗ ತಿರುಗಿಸ್ತಾ ಹೋಗಿ. ಬಟ್ಟೆಗೆ ಬರುವ ಬಣ್ಣ ನೋಡಿದ್ರೆ ಇಷ್ಟು ದಿನ ಬೆರಳು ಎಂತದರ ಮೇಲೆ ಓಡ್ತಾ ಇತ್ತು ಅಂತ ಗೊತ್ತಾಗ್ತದೆ. ಜಾಯಿಂಟ್ ಹತ್ರ ಲ್ಯಾಕರ್ ಹೊಳೆಯುವ ಭಾಗ ಸುರುವಾಗುವ ಮೊದ್ಲೇ ನಿಲ್ಲಿಸಿ, ಆಲ್ಕೋಹಾಲ್ ಕೆಲವು ಫಿನಿಶನ್ನು ಮಂಕು ಮಾಡ್ತದೆ. ಟಿಪ್ಪಿಗೂ ತಾಗಿಸ್ಬೇಡಿ, ಅದು ಚರ್ಮ, ಅಡಿಯಲ್ಲಿ ಗಮ್ ಉಂಟು. ಥಿನ್ನರ್, ಅಸಿಟೋನ್ ಅಂತೂ ಹತ್ರವೇ ತರ್ಬೇಡಿ, ಪ್ಲಾಸ್ಟಿಕ್ ಫೆರೂಲ್ ಮೆತ್ತಗಾಗ್ತದೆ, ಟಿಪ್ಪಿನ ಗಮ್ ಬಿಡ್ತದೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ಬೇಕು. ಈ ಆಲ್ಕೋಹಾಲ್ ಸುಮಾರು 12 ಡಿಗ್ರಿ ಸೆಲ್ಸಿಯಸಿಗೇ ಬೆಂಕಿ ಹತ್ತುವಷ್ಟು ಆವಿ ಬಿಡ್ತದೆ, ನಮ್ಮಲ್ಲಿ ಡಿಸೆಂಬರ್ ರಾತ್ರಿಯೂ ಅಷ್ಟು ತಣ್ಣಗೆ ಇರುದಿಲ್ಲ. ಸಂಜೆ ಹೊತ್ತು ಮನೆಯಲ್ಲಿ ಎಂತೆಲ್ಲ ಉರೀತಾ ಇರ್ತದೆ ನೋಡಿ, ದೇವರ ದೀಪ, ಊದುಬತ್ತಿ, ಕಾಲ ಬುಡದಲ್ಲಿ ಸೊಳ್ಳೆ ಕಾಯಿಲ್. ಅದರ ಹತ್ರ ಕೂತು ಈ ಕೆಲಸ ಮಾಡ್ಬಾರ್ದು. ಕಿಟಕಿ ತೆರೆದು, ಹಗಲು ಹೊತ್ತಿಗೆ, ಮನೆ ಎದುರಿನ ಜಗಲಿಯಲ್ಲಿ ಕೂತ್ರೆ ಒಳ್ಳೇದು.

ಹಠ ಹಿಡಿದ ಕಲೆಗೆ ಬಿಳಿ ಮೆಲಮೈನ್ ಸ್ಪಂಜ್ ಬಳಸುವವರಿದ್ದಾರೆ, ಕೆಲಸ ಮಾಡ್ತದೆ ಹೌದು, ಆದ್ರೆ ಅದು ಸೋಪಿನ ಹಾಗೆ ಕೊಳೆ ಕರಗಿಸುದಲ್ಲ, ಅದೂ ಒಂದು ತೀರಾ ನಯದ ಪಾಲಿಶ್ ಪೇಪರೇ, ಮರವನ್ನು ಚೂರು ಚೂರು ತೆಗೀತದೆ. ಮತ್ತೆ ಅದಕ್ಕೆ ನೀರು ಬೇಕು. ಪೂರ್ತಿ ಹಿಂಡಿ, ಬೇಗ ಒರೆಸಿ, ಕೂಡ್ಲೇ ಒಣ ಬಟ್ಟೆ ಹಾಕ್ಬೇಕು. ವರ್ಷಕ್ಕೊಮ್ಮೆ ಸಾಕು. ಮತ್ತೆ ಒಂದು, ನೀಲಿ ಪೂರ್ತಿ ಹೋಗ್ಬೇಕು ಅಂತ ಹಠ ಬೇಡ. ರಂಧ್ರದೊಳಗೆ ಇಳಿದ ಬಣ್ಣದಿಂದ ಆಟಕ್ಕೆ ಏನೂ ತೊಂದ್ರೆ ಇಲ್ಲ. ಕೈಗೆ ಜಾರಿದ್ರೆ ಆಯ್ತು, ಕಣ್ಣಿಗೆ ಬಿಳಿ ಕಾಣ್ಬೇಕು ಅಂತ ಬ್ಲೀಚ್ ಹಾಕಿದ ಶಾಫ್ಟ್ ನೋಡಿದ್ದೇನೆ, ಹೊಟ್ಟೆ ಉರೀತದೆ.

ಕ್ಲೀನ್ ಆದ ಮೇಲಿನ ಕೆಲಸ ಬರ್ನಿಶ್ ಮಾಡುದು, ನನಗೆ ಇದ್ರಲ್ಲಿ ಅತಿ ಖುಷಿ ಕೊಡುವ ಭಾಗ ಇದೇ. ಚರ್ಮದ ತುಂಡು ಬೇಕು, ಹಳೇ ಬೆಲ್ಟ್ ಕತ್ತರಿಸಿದ್ರೂ ಆಗ್ತದೆ, ಬಣ್ಣ ಬಿಡದ್ದು ಆಗ್ಬೇಕು, ನಯದ ಬದಿ ಮರಕ್ಕೆ. ಶಾಫ್ಟಿಗೆ ಸುತ್ತಿ ಮುಷ್ಟಿಯಲ್ಲಿ ಹಿಡಿದು ಮೇಲೆ ಕೆಳಗೆ ಬೇಗ ಬೇಗ ಉಜ್ಜುದು, ಅಂಗೈಗೆ ಬಿಸಿ ತಾಗುವವರೆಗೆ. ಎದ್ದಿದ್ದ ನಾರೆಲ್ಲ ಒತ್ತಿ ಮಲಗ್ತದೆ, ಮೇಲ್ಮೈ ಮುಚ್ಚಿಕೊಳ್ತದೆ, ಒಂದು ಚೂರೂ ಮರ ಹೋಗುದಿಲ್ಲ. ಉಜ್ತಾ ಇರುವಾಗ ಸದ್ದೇ ಬದ್ಲಾಗ್ತದೆ, ಸುರುವಿಗೆ ಚರ್ ಚರ್ ಅಂತ ಇದ್ದದ್ದು ಆಮೇಲೆ ಸುಯ್ ಅಂತ ಜಾರ್ತದೆ. ಸುಡುವಷ್ಟು ಬಿಸಿ ಮಾಡ್ಬಾರ್ದು, ಫೆರೂಲಿನ ಗಮ್ಮಿಗೆ ಒಳ್ಳೇದಲ್ಲ. ಚರ್ಮ ಇಲ್ಲದಿದ್ರೆ ಗಟ್ಟಿ ಬ್ರೌನ್ ಪೇಪರ್ ಆದ್ರೂ ಆಗ್ತದೆ.

ಕೊನೆಗೆ ಸೀಲ್. ಇಲ್ಲಿ ಪೂಲ್ ಕ್ಯೂ ಬೇರೆ, ಸ್ನೂಕರ್ ಕ್ಯೂ ಬೇರೆ. ಪೂಲ್ ಶಾಫ್ಟ್ ಸಾಧಾರಣ ಮೇಪಲ್ ಮರದ್ದು, ನಾರು ಬಿಗಿ, ರಂಧ್ರ ಸಣ್ಣದು, ಅದಕ್ಕೆ ಕಾರ್ನೌಬಾ ವ್ಯಾಕ್ಸ್ (ಒಂದು ಜಾತಿಯ ತಾಳೆ ಎಲೆಯ ಮೇಣ) ತೆಳ್ಳಗೆ ಹಚ್ಚಿ, ಒಣಗ್ಲಿಕ್ಕೆ ಬಿಟ್ಟು, ಪುನಃ ಚರ್ಮದಲ್ಲಿ ಉಜ್ಜಿದ್ರೆ ಚೆಂದ ಕೂರ್ತದೆ. ಸ್ನೂಕರ್ ಕ್ಯೂ ಹೆಚ್ಚಾಗಿ ಆ್ಯಶ್ ಮರದ್ದು, ಬಾಣದ ಹಾಗಿನ ಗೆರೆ ಕಾಣ್ತದಲ್ಲ, ಅದರ ರಂಧ್ರ ದೊಡ್ಡದು, ಆ ಗೆರೆಗಳು ಬೆರಳಿಗೂ ತಾಗ್ತವೆ, ಅದಕ್ಕೆ ಹಿಂದಿಂದಲೂ ಅಗಸೆ ಎಣ್ಣೆ ಕುಡಿಸುದು ಕ್ರಮ. ನಮ್ಮ ಕಡೆ ಕೆಲವರು ಮನೆಯಲ್ಲಿ ಉಂಟಲ್ಲ ಅಂತ ತೆಂಗಿನೆಣ್ಣೆ ಹಚ್ತಾರೆ. ದಯವಿಟ್ಟು ಬೇಡ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹಿಡ್ಕೊಂಡು ಗಟ್ಟಿಯಾಗ್ತದೆ, ತೆಂಗಿನೆಣ್ಣೆ ಎಷ್ಟು ದಿನ ಇಟ್ರೂ ಹಾಗೆ ಗಟ್ಟಿಯಾಗುದಿಲ್ಲ, ಜಿಡ್ಡು ಜಿಡ್ಡಾಗಿಯೇ ಇದ್ದು ಧೂಳು, ಚಾಕ್ ಎಲ್ಲ ಎಳ್ಕೊಳ್ತದೆ. ತಲೆಗೆ, ಅಡುಗೆಗೆ ಅದಕ್ಕಿಂತ ಒಳ್ಳೇದು ಇಲ್ಲ, ಕ್ಯೂಗೆ ಆಗ್ಲಿಕ್ಕಿಲ್ಲ.

ಅಗಸೆ ಎಣ್ಣೆ ಬಳಸುವವರು ಇದನ್ನು ನೆನಪಿಡಿ, ಆ ಎಣ್ಣೆ ಗಟ್ಟಿಯಾಗುವಾಗ ಬಿಸಿ ಹುಟ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ಆ ಬಿಸಿ ಒಳಗೇ ಕೂಡಿ ಯಾರೂ ಬೆಂಕಿ ಇಡದೆ ತಾನಾಗಿ ಹೊತ್ತಿಕೊಳ್ಳುದುಂಟು. ಬಟ್ಟೆಯನ್ನು ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲಾಂದ್ರೆ ನೀರಲ್ಲಿ ಮುಳುಗಿಸಿ ಆಮೇಲೆ ಬಿಸಾಡಿ.

ಹಾಗಾದ್ರೆ ಪಾಲಿಶ್ ಪೇಪರ್ ಬೇಡವೇ ಬೇಡ್ವಾ ಅಂತ ಕೇಳ್ತೀರಿ. ಸಣ್ಣ ಗೀರು ಬಿದ್ದು ಅಂಚು ಎದ್ದಿದ್ರೆ, ನೀರು ತಾಗಿ ನಾರು ಎದ್ದದ್ದು ಚರ್ಮಕ್ಕೆ ಮಲಗದಿದ್ರೆ ಬೇಕಾಗ್ತದೆ. ಆಗ ಪೇಂಟಿನವರ ಹತ್ರ ಸಿಗುವ ವಾಟರ್ ಪೇಪರ್, 1500 ಅಥವಾ 2000 ನಂಬರ್, ನೀರು ಹಾಕದೆ ಒಣದ್ದೇ, ಬೆರಳಿನ ತೂಕದಷ್ಟೇ ಒತ್ತಿ, ಮರದ ಉದ್ದಕ್ಕೆ ಮಾತ್ರ. ಸುತ್ತಲೂ ತಿರುಗಿಸಿ ಉಜ್ಜಿದ್ರೆ ನಾರಿಗೆ ಅಡ್ಡ ಗೀರು ಬೀಳ್ತದೆ. ಫೆರೂಲಿಗೆ ಮಾಸ್ಕಿಂಗ್ ಟೇಪ್ ಸುತ್ತಿ. ಒಂದೇ ಜಾಗಕ್ಕೆ ಉಜ್ತಾ ಕೂತ್ರೆ ಅಲ್ಲಿ ಸೊಂಟದ ಹಾಗೆ ಸಪೂರ ಆಗ್ತದೆ, ಫೆರೂಲಿನ ಅಂಚು ಮೇಲೆ ನಿಂತು ಪ್ರತಿ ಸ್ಟ್ರೋಕಿಗೂ ಬೆರಳಿಗೆ ತಾಗ್ತದೆ. ಮಾಸ್ಕ್ ಹಾಕಿ, ಮರದ ಹುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಹಾಕಿದೆ, ಚಾಕಿನ ಸಿಲಿಕಾ ಬೇರೆ ಅದರಲ್ಲಿ ಸೇರಿರ್ತದೆ. ಸ್ವಲ್ಪವೇ ಅಲ್ವಾ ಅಂತ ಊದಿ ಹಾರಿಸ್ಬೇಡಿ, ಒದ್ದೆ ಬಟ್ಟೆಯಲ್ಲಿ ಟೇಬಲ್ ಒರೆಸಿ. ಕೆಲಸ ಮುಗಿದ ಮೇಲೆ ಶಾಫ್ಟಿಗೆ ಸೀಲ್ ಮಾಡದೆ ಬಿಡ್ಲೇಬಾರ್ದು.

ಕಾರ್ಬನ್ ಫೈಬರ್ ಶಾಫ್ಟ್ ಇರುವವರಿಗೆ ಈ ತಲೆಬಿಸಿ ಯಾವುದೂ ಇಲ್ಲ, ಆಲ್ಕೋಹಾಲ್ ಬಟ್ಟೆಯಲ್ಲಿ ಒಮ್ಮೆ ಒರೆಸಿದ್ರೆ ಆಯ್ತು, ಪೇಪರ್ ಮಾತ್ರ ತಾಗಿಸ್ಬೇಡಿ. ಮಣಿಪಾಲದಲ್ಲಿ ಹಾಸ್ಟೆಲ್ ಮಕ್ಕಳು ಆಡುವ ಕಡೆ ಪಾರ್ಲರಿನ ಕ್ಯೂ ಹಿಡಿಯುವವರೇ ಜಾಸ್ತಿ, ಅವರು ಆಟ ಸುರು ಮಾಡುವ ಮೊದ್ಲು ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿ ನೋಡಿ, ಅಷ್ಟರಲ್ಲೇ ವ್ಯತ್ಯಾಸ ಗೊತ್ತಾಗ್ತದೆ. ಮತ್ತೆ ಕೈ ತೊಳೀರಿ. ಗೋಳಿಬಜೆ ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿ ಹಾಗೇ ಬ್ರಿಡ್ಜ್ ಹಾಕಿದ್ರೆ ಯಾವ ವ್ಯಾಕ್ಸೂ ಏನೂ ಮಾಡ್ಲಿಕ್ಕಾಗುದಿಲ್ಲ, ಸೋಪಲ್ಲಿ ತೊಳೆದು ಪೂರ್ತಿ ಒಣಗಿಸಿಕೊಂಡು ಬಂದವರ ಶಾಫ್ಟ್ ತಿಂಗಳುಗಟ್ಲೆ ಕ್ಲೀನ್ ಇರ್ತದೆ.

ಇಡುವ ರೀತಿಯೂ ಇದರಲ್ಲೇ ಬರ್ತದೆ. ಮರ ತೇವ ಕುಡಿದ್ರೆ ಉದ್ದಕ್ಕೆ ಹಿಗ್ಗುದು ತೀರಾ ಕಮ್ಮಿ, ಅಡ್ಡಕ್ಕೆ ಜಾಸ್ತಿ, ಒಂದು ಬದಿ ಮಾತ್ರ ಕುಡಿದ್ರೆ ಕೋಲು ಬಾಗ್ತದೆ. ಜೂನಿಂದ ಸಪ್ಟೆಂಬರ್ ವರೆಗೆ ನಮ್ಮ ಗೋಡೆಗಳೇ ಬೆವರ್ತಾ ಇರುವಾಗ ಕ್ಯೂವನ್ನು ಗೋಡೆಗೆ ಒರಗಿಸಿ ಇಡುದು ಬೇಡ, ಮಧ್ಯಾಹ್ನ ಬಿಸಿಲಿಗೆ ಕಾರಿನ ಡಿಕ್ಕಿಯಲ್ಲೂ ಬೇಡ. ಎಸಿ ಹಾಲಿಂದ ಹೊರಗೆ ಬಂದ ಕೂಡ್ಲೇ ಕನ್ನಡಕಕ್ಕೆ ಮಂಜು ಹಿಡೀತದಲ್ಲ, ಶಾಫ್ಟಿಗೂ ಹಿಡೀತದೆ, ಹಾಗಾಗಿ ಒಳಗೇ ಒರೆಸಿ ಕೇಸಿಗೆ ಹಾಕಿ ಜಿಪ್ ಹಾಕಿಯೇ ಹೊರಗೆ ಬನ್ನಿ. ಕೇಸ್ ಒಳಗೆ ಒಂದೆರಡು ಸಿಲಿಕಾ ಜೆಲ್ ಪ್ಯಾಕೆಟ್ ಹಾಕಿಡಿ, ಅದು ತೇವ ಕುಡಿದು ತುಂಬಿದ ಮೇಲೆ ಬದ್ಲಿಸ್ಲಿಕ್ಕೆ ಮರೀಬೇಡಿ. ಎರಡು ತುಂಡಿನ ಕ್ಯೂ ಆದ್ರೆ ಜಾಯಿಂಟಿಗೆ ಪ್ರೊಟೆಕ್ಟರ್ ಹಾಕಿ. ಮರ ಅತಿ ಬೇಗ ನೀರು ಎಳೆಯುದು ಅಡ್ಡ ಕೊಯ್ದ ತುದಿಯಿಂದ, ಜಾಯಿಂಟ್ ಹತ್ರ ಆ ತುದಿ ತೆರೆದೇ ಇದ್ರೆ ಮೇಲಿಂದ ಎಷ್ಟು ವ್ಯಾಕ್ಸ್ ಹಚ್ಚಿದ್ರೂ ತೇವ ಅಲ್ಲಿಂದ ಒಳಗೆ ಹೋಗ್ತದೆ.