ಹಿನ್ನೀರಿಗೆ ಹಿಟಾಚಿ ಇಳಿಸಿದ ದಿನ

ನಾಲ್ಕು ವರ್ಷದ ಹಿಂದಿನ ಮಾತು. ತುಮಕೂರು ಕಡೆಯ ಒಂದು ಹಳ್ಳಿ ಕೆರೆಯ ಹೂಳೆತ್ತುವ ಕೆಲಸಕ್ಕೆ ನಾನು ಸೈಟ್ ಎಂಜಿನಿಯರ್. ಮೇ ತಿಂಗಳು. ಮಳೆ ಹಿಡಿಯುವುದರೊಳಗೆ ಇಷ್ಟು ಹೂಳು ತೆಗೆದೆವು ಅಂತ ಕ್ವಾಂಟಿಟಿ ತೋರಿಸದಿದ್ದರೆ ಬಿಲ್ ಆಗೋದಿಲ್ಲ. ಏರಿ ಹತ್ತಿರ ಇನ್ನೂ ಕೆಸರು, ಗಾಡಿ ಹೂತುಕೊಳ್ಳುತ್ತೆ. ಹಿನ್ನೀರಿನ ಕಡೆ ಮಾತ್ರ ನೆಲ ಒಣಗಿ ಬಿರುಕು ಬಿಟ್ಟಿತ್ತು. ಹಿಟಾಚಿಯನ್ನು ಅಲ್ಲಿಗೇ ಇಳಿಸಿದೆ.

ಎರಡನೇ ಟಿಪ್ಪರ್ ತುಂಬುವಾಗ ಊರಿನ ಹಿರಿಯರೊಬ್ಬರು ಬಕೆಟ್ ಎದುರಿಗೇ ಬಂದು ನಿಂತರು. ಆಪರೇಟರ್ ಎಂಜಿನ್ ಆಫ್ ಮಾಡಿದ.

"ಇಲ್ಲಿ ತೋಡಬೇಡಿ ಸಾ. ಕೊಕ್ಕರೆ ಇಳಿಯೋ ಜಾಗ ಇದು."

"ಆಳ ಮಾಡಿದ್ರೆ ನೀರು ಜಾಸ್ತಿ ನಿಲ್ಲುತ್ತೆ ಯಜಮಾನ್ರೇ. ನೀರಿದ್ರೆ ಹಕ್ಕೀನೂ ಜಾಸ್ತಿ ಬರುತ್ತೆ, ಅಲ್ವಾ?"

ಅವರು ಬಗ್ಗಿ ಮೊಣಕಾಲಿನ ಕೆಳಗೆ ಕೈ ಇಟ್ಟರು. "ಇಷ್ಟೇ ಇರಬೇಕು."

ಹತ್ತು ನಿಮಿಷ ಕದಲಲಿಲ್ಲ. ಗಾಡಿ ಯಾಕೆ ನಿಂತಿದೆ ಅಂತ ನನಗೆ ಫೋನ್ ಮೇಲೆ ಫೋನ್. ಎಸ್ಟಿಮೇಟ್ ತೆಗೆದು ತೋರಿಸಿದೆ. ಅವರು ಅದನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. ಆಮೇಲೆ ಟವೆಲ್ ಹೆಗಲಿಗೆ ಹಾಕಿಕೊಂಡು ಪಕ್ಕಕ್ಕೆ ಸರಿದರು. ಒಪ್ಪಿದರು ಅಂದುಕೊಂಡು "ಸ್ಟಾರ್ಟ್ ಮಾಡು" ಅಂದೆ.

ಆ ಡಿಸೆಂಬರ್‌ನಲ್ಲಿ ಫೈನಲ್ ಬಿಲ್ ಫೋಟೊಗೆ ಹೋದಾಗ ಕೆರೆ ತುಂಬಿತ್ತು. ನಡುನೀರಿನಲ್ಲಿ ನೀರುಕಾಗೆಗಳು ಮುಳುಗಿ ಏಳುತ್ತಿದ್ದವು. ಒಂದು ಬಣ್ಣದ ಕೊಕ್ಕರೆ ಬಂದು ನಾವು ನೇರ ಕಡಿದಿದ್ದ ಅಂಚಿಗೆ ಇಳಿಯಿತು. ಹಳದಿ ಕೊಕ್ಕನ್ನು ನೀರಿಗೆ ಬಿಟ್ಟಿತು, ಕತ್ತು ಪೂರ್ತಿ ಚಾಚಿತು. ತಳ ಸಿಗಲಿಲ್ಲ. ಸ್ವಲ್ಪ ಹೊತ್ತು ನಿಂತು ಹಾರಿಹೋಯಿತು. ನನಗೆ ಆ ಯಜಮಾನರ ಕೈ ನೆನಪಾಯಿತು.

ನೀರುಕಾಗೆ ಮುಳುಗಿ ಮೀನು ಹಿಡಿಯುತ್ತೆ, ಅದಕ್ಕೆ ಆಳ ಆದೀತು. ಬಣ್ಣದ ಕೊಕ್ಕರೆ ಹಾಗಲ್ಲ. ನೀರಿನಲ್ಲಿ ನಡೆಯುತ್ತಾ ಅರ್ಧ ತೆರೆದ ಕೊಕ್ಕನ್ನು ಆಡಿಸುತ್ತೆ, ಮೀನು ತಗುಲಿದ ಕೂಡಲೇ ಮುಚ್ಚುತ್ತೆ. ಬಾಯ್ಕಳಕ ಅನ್ನೋ ಇನ್ನೊಂದು ಕೊಕ್ಕರೆಗೆ ಬಸವನಹುಳು ಬೇಕು. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಬರುವ ಗದ್ದೆಗೊರವಗಳು ಒದ್ದೆ ಕೆಸರಿನಲ್ಲೇ ಹುಳ ಹೆಕ್ಕುತ್ತವೆ. ಕೆರೆ ಇಳಿದಂತೆಲ್ಲ ಹಿನ್ನೀರಿನಲ್ಲಿ ದಿನಾ ಒಂದಿಷ್ಟು ಹೊಸ ಕೆಸರು ತೆರೆದುಕೊಳ್ಳುತ್ತೆ. ಅವುಗಳ ಊಟ ಅಲ್ಲಿದೆ. ಆ ಜಾಗವನ್ನೇ ನಾನು ಟಿಪ್ಪರ್‌ಗೆ ತುಂಬಿಸಿದ್ದೆ.

ತಪ್ಪು ನನ್ನದೇ. ಆದರೆ ನಮಗೆ ಬರುವ ಎಸ್ಟಿಮೇಟ್‌ಗಳ ಬಗ್ಗೆ ಸಿಟ್ಟು ಇನ್ನೂ ಇದೆ. ಎಲ್ಲ ಕೆರೆಗೂ ಒಂದೇ ಕ್ರಾಸ್ ಸೆಕ್ಷನ್, ಅಂದರೆ ತೋಡುವ ಆಕಾರದ ಅದೇ ನಕ್ಷೆ. ಒಳಗಿರುವ ಜಾಲಿ ಮರ ಅದರಲ್ಲಿ ಕಡಿದು ತೆಗೆಯಬೇಕಾದ 'ಜಂಗಲ್ ಕಟಿಂಗ್' ಐಟಂ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೂ ನೀರಾವರಿಗೆ ಕಟ್ಟಿದ ಹಳ್ಳಿ ಕೆರೆಯೇ, 98.76 ಹೆಕ್ಟೇರ್. ಸಾವಿರಾರು ನೀರುಹಕ್ಕಿಗಳು ಅಲ್ಲಿ ಗೂಡು ಕಟ್ಟುವುದು ಕೆರೆಯೊಳಗಿನ ಜಾಲಿ ಮರಗಳ ಮೇಲೆ. ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ನಮ್ಮ ಐಟಂ ಅಲ್ಲಿಗೆ ಹೋಗಿದ್ದರೆ ಆ ಮರಗಳು ಮೊದಲ ವಾರವೇ ನೆಲಕ್ಕೆ.

ಈಗ ಕೆಲಸ ಶುರುವಾಗುವ ಮೊದಲು ಊರಿನವರನ್ನು ಕರೆದುಕೊಂಡು ಹಿನ್ನೀರಿನಲ್ಲಿ ನಡೆಯುತ್ತೇನೆ. ಕೊಕ್ಕರೆ ಎಲ್ಲಿ ಇಳಿಯುತ್ತೆ, ದನ ಎಲ್ಲಿ ಇಳಿಯುತ್ತೆ ಅಂತ ಕೇಳುತ್ತೇನೆ. ಹೆಚ್ಚಾಗಿ ಎರಡೂ ಒಂದೇ ಕಡೆ, ಇಳಿಜಾರು ಇರುವಲ್ಲಿ. ಅಲ್ಲಿಗೆ ಸುಣ್ಣದ ಗೆರೆ ಹಾಕಿಸುತ್ತೇನೆ, ಹಿಟಾಚಿ ಗೆರೆ ದಾಟಬಾರದು. ಕ್ವಾಂಟಿಟಿ ಕಡಿಮೆಯಾಗುತ್ತೆ ಅಂತ ಹೋದ ವರ್ಷ ಮೇಲಿನವರ ಹತ್ತಿರ ಜಗಳವೇ ಆಯಿತು. ಗೆರೆ ಉಳಿಯಿತು. ಈ ಜನವರಿಯಲ್ಲಿ ಅದರಾಚೆ ಗೇಣುದ್ದ ನೀರಿನಲ್ಲಿ ಹದಿನಾಲ್ಕು ಮೆಟ್ಟುಗಾಲು ಹಕ್ಕಿ ಎಣಿಸಿದೆ.

ಮೊದಲ ಕೆರೆಯ ಅಂಚು ಹಾಗೇ ಇದೆ. ಇಳಿಜಾರು ಮಾಡಿಸೋಣ ಅಂತ ಎರಡು ಸಲ ಬರೆದುಕೊಟ್ಟಿದ್ದೇನೆ.